ಸೋಲಲು ಕುಳಿತ ಚನ್ನವೀರ

ಒಂದು ಹೆಸರು ಕಡಿಮೆ ಬಿದ್ದದ್ದೇ ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ. ಪುಣೆಯ ಕಾತ್ರಜದಲ್ಲಿ, ಸಮಾಧಾನ ಸೊಸೈಟಿ ಎಂಬ ಅಪಾರ್ಟ್‌ಮೆಂಟಿನಲ್ಲಿ ಗಣಪತಿ ಕೂತ ಮರುದಿನ ಕೇರಂ ಪಂದ್ಯಕ್ಕೆ ಜೋಡಿ ಹಾಕುತ್ತಿದ್ದಾಗ ಹದಿನೈದು ಹೆಸರು ಸಿಕ್ಕವು, ಹದಿನಾರನೆಯದು ಸಿಗಲಿಲ್ಲ. ಅದೇ ಹೊತ್ತಿಗೆ ಚನ್ನವೀರ ಒಂದು ಕೈಯಲ್ಲಿ ಕೊತ್ತಂಬರಿ ಕಟ್ಟು, ಇನ್ನೊಂದರಲ್ಲಿ ಹಾಲಿನ ಚೀಲ ಹಿಡಿದು ಗೇಟಿನೊಳಗೆ ಬಂದ. ಪಂದ್ಯದ ಅಂಪೈರ್ ಆಗಿದ್ದ ಮೂರನೆಯ ಮಹಡಿಯ ಸಿದ್ದಾರೂಢ ಅವನನ್ನು ಕೇಳಲೂ ಇಲ್ಲ, ಹೆಸರು ಬರೆದುಬಿಟ್ಟ.

"ಸಿದ್ದಣ್ಣ, ನನಗ ಆಡಾಕ ಬರಂಗಿಲ್ರಿ," ಎಂದ ಚನ್ನವೀರ.

"ಬರಬೇಕಂತ ಯಾರು ಅಂದ್ರು? ಕುಂದರಬೇಕು ಅಷ್ಟ. ಒಂದ್ ಆಟ ಸೋತು ಎದ್ದು ಹೋಗು."

ಸೋತು ಎದ್ದುಹೋಗುವುದು ಚನ್ನವೀರನಿಗೆ ಕಷ್ಟದ ಕೆಲಸವಾಗಿರಲಿಲ್ಲ. ತನ್ನೂರು ಇಂಡಿಯಲ್ಲಿ ಶಾಲೆಗೆ ಹೋಗುವಾಗಿನಿಂದಲೂ ಅವನು ಆಡಿದ ಆಟದಲ್ಲೆಲ್ಲ ಅದನ್ನೇ ಮಾಡಿಕೊಂಡು ಬಂದವನು. ಈಗ ಹುಬ್ಬಳ್ಳಿ, ಬೆಂಗಳೂರು ಕಡೆ ಹೋಗುವ ಬಸ್ಸುಗಳ ಒಂದು ಬುಕಿಂಗ್ ಕಚೇರಿಯಲ್ಲಿ ಕೂತು, ಕಿಟಕಿ ಸೀಟು ಸಿಗದವರ ಕೈಯಲ್ಲಿ ದಿನವಿಡೀ ಬೈಸಿಕೊಳ್ಳುವುದು ಅವನ ಉದ್ಯೋಗ. ಆದರೆ ಈ ಸಲ ಅದೃಷ್ಟ ಬೆನ್ನು ಹತ್ತಿತು. ಮೊದಲ ಎದುರಾಳಿ ಅತ್ತೆಮನೆಗೆಂದು ಸಾತಾರಕ್ಕೆ ಹೋದವನು ಬರಲೇ ಇಲ್ಲ. ಎರಡನೆಯವನ ಬೆರಳು ಲಿಫ್ಟಿನ ಬಾಗಿಲಿಗೆ ಸಿಕ್ಕಿತು. ಮೂರನೆಯವನು ಇನ್ನೇನು ಗೆಲ್ಲಬೇಕು, ಹೆಂಡತಿಯ ಫೋನ್ ಬಂತು. ಆಕೆ ಏನು ಹೇಳಿದಳೋ, ಸ್ಟ್ರೈಕರನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಿದ. ಹೀಗೆ ಒಂದು ಕಾಯಿಯನ್ನೂ ನೆಟ್ಟಗೆ ಹೊಡೆಯದೆ ಚನ್ನವೀರ ಭಾನುವಾರದ ಫೈನಲ್ಲಿಗೆ ಬಂದು ಮುಟ್ಟಿದ. ಎದುರಿಗೆ ಪೋತ್ನೀಸ್ ಕಾಕಾ.

ಕಾಕಾ ರೈಲ್ವೆಯಲ್ಲಿದ್ದು ಹುಬ್ಬಳ್ಳಿ, ಮಿರಜ ಎಂದು ಸುತ್ತಾಡಿ ನಿವೃತ್ತರಾದವರು. ಹುಬ್ಬಳ್ಳಿಯಲ್ಲಿ ಕಲಿತ ಕನ್ನಡಕ್ಕೆ ಮನೆಯ ಮರಾಠಿಯ ಒಗ್ಗರಣೆ ಹಾಕಿ ಆಡುತ್ತಿದ್ದರು. ಸೊಸೈಟಿ ಹೊಸದಿದ್ದಾಗ ಗಣಪತಿಯ ಪೂಜೆಗೆ ಯಾವ ದಂಪತಿ ಕೂರಬೇಕು ಎಂದು ಜಗಳವಾಗಿ ಎರಡು ಮನೆಯವರು ಮಾತು ಬಿಟ್ಟಿದ್ದರಂತೆ. ಆಗ ಕಾಕಾ ಒಂದು ನಿಯಮ ಮಾಡಿದರು: ಈ ವರ್ಷ ಯಾರು ಕೇರಂ ಗೆಲ್ಲುತ್ತಾರೋ ಮುಂದಿನ ವರ್ಷ ಅವರಿಗೇ ಪೂಜೆಯ ಮಾನ. ಅದು ದೇವರ ಮಾನ, ಬೇಡ ಅನ್ನುವಂತಿಲ್ಲ, ಇನ್ನೊಬ್ಬರ ಹೆಗಲಿಗೆ ದಾಟಿಸುವಂತೆಯೂ ಇಲ್ಲ. ಆಟದಲ್ಲೇ ಗೆಲ್ಲಬೇಕು, ಆಟದಲ್ಲೇ ಕಳೆದುಕೊಳ್ಳಬೇಕು. ಮೊದಲ ಸಲ ಕಾಕಾನೇ ಗೆದ್ದರು. ಆಮೇಲೂ ಅವರೇ ಗೆಲ್ಲುತ್ತ ಬಂದರು. ಕಾಕಾ ಮಡಿಯುಟ್ಟು ಪೂಜೆಗೆ ಕೂರುವುದು, ಅವರ ಹೆಂಡತಿ ಕಾಕು ತಮ್ಮ ಕೈಯಾರೆ ಮಾಡಿದ ಬಿಸಿ ಮೋದಕದ ಡಬ್ಬಿಗಳನ್ನು ಒಂದು ಮನೆಯನ್ನೂ ಬಿಡದೆ ಕಳಿಸುವುದು ಸೊಸೈಟಿಯ ಸಂಪ್ರದಾಯವೇ ಆಗಿಹೋಗಿತ್ತು. ಆ ಡಬ್ಬಿಗಾಗಿ ಜನ ಬೆಳಗಿನ ತಿಂಡಿ ಬಿಟ್ಟು ಕಾಯುತ್ತಿದ್ದರು.

ಚನ್ನವೀರನಿಗೆ ಕಾಕಾ ಬರೀ ಹಿರಿಯರಾಗಿರಲಿಲ್ಲ. ಹೋದ ಮಳೆಗಾಲದಲ್ಲಿ ಅವನ ತಾಯಿ ಕಲ್ಲವ್ವನಿಗೆ ನಸುಕಿನಲ್ಲಿ ಉಸಿರು ಕಟ್ಟಿತು. ಲಿಫ್ಟ್ ಕೆಟ್ಟಿತ್ತು, ರಿಕ್ಷಾ ಸಿಗಲಿಲ್ಲ. ಕಾಕಾ ಬನಿಯನ್ನಿನಲ್ಲೇ ನಾಲ್ಕನೆಯ ಮಹಡಿಗೆ ಏರಿ ಬಂದು, ಕಲ್ಲವ್ವನನ್ನು ಕೂರಿಸಿದ ಕುರ್ಚಿಯ ಒಂದು ಬದಿ ತಾವೇ ಹಿಡಿದು ಕೆಳಗಿಳಿಸಿ, ತಮ್ಮ ಹಳೆಯ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಭಯವಿಲ್ಲ ಎಂದು ಡಾಕ್ಟರು ಹೇಳುವವರೆಗೂ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಊರು ಬಿಟ್ಟು ಬಂದು ಯಾರೂ ಇಲ್ಲದವನಂತಿದ್ದ ಚನ್ನವೀರನಿಗೆ ಆವತ್ತಿನಿಂದ ಪುಣೆಯಲ್ಲಿ ತನಗೂ ಒಬ್ಬ ಮನೆಯ ಹಿರಿಯರಿದ್ದಾರೆ ಅನ್ನಿಸಿತ್ತು. ಅಂಥವರ ಮಾನವನ್ನು ಕಸಿಯುವುದೆಂದರೇನು?

"ಇವತ್ತ ನೀ ಗೆದ್ದಿ ಅಂದ್ರ ನಾ ಊರಿಗಿ ಹೊಕ್ಕೀನಿ ನೋಡು," ಎಂದು ಕಲ್ಲವ್ವ ಬೆಳಿಗ್ಗೆಯೇ ಎಚ್ಚರಿಸಿದಳು.

"ಯವ್ವಾ, ನಾ ಯಾವಾಗ ಗೆದ್ದೀನಿ?" ಎಂದ ಮಗ. ಆ ಮಾತಿಗೆ ಕಲ್ಲವ್ವ, ಸೊಸೆ ರಂಜನಾ ಇಬ್ಬರೂ ಸಮಾಧಾನಪಟ್ಟರು.

ಕೆಳಗೆ ಮಂಟಪದಲ್ಲಿ ಎರಡನೆಯ ಮಹಡಿಯ ಸುಖೇಶ್ ಅವನನ್ನು ಪಕ್ಕಕ್ಕೆ ಕರೆದ. ತುಮಕೂರಿನ ಹುಡುಗ, ಮಗರಪಟ್ಟಾದ ಐಟಿ ಕಂಪನಿಯಲ್ಲಿ ಕೆಲಸ, ಕಾಲೇಜಿನಲ್ಲಿ ಕೇರಂ ಚಾಂಪಿಯನ್ ಆಗಿದ್ದವನು. ಆದರೂ ಸೆಮಿಫೈನಲ್ಲಿನಲ್ಲಿ ಕಾಕಾನಿಗೆ ಸೋತಿದ್ದ.

"ಅಣ್ಣ, ಗೊತ್ತಲ್ವಾ, ಸೋಲ್ಬೇಕು," ಎಂದ ಪಿಸುಮಾತಿನಲ್ಲಿ. "ಬ್ಯಾಚುಲರ್ ಅಂತ ಯಾರೂ ಮನೆ ಕೊಡದೇ ಇದ್ದಾಗ ನನಗೆ ಇಲ್ಲಿ ಮನೆ ಕೊಡ್ಸಿದ್ದು ಕಾಕಾ. ಅವರ ಎದುರು ನಾನು ಹೇಗೆ ಗೆಲ್ಲಲಿ? ಇಲ್ಲಿ ಎಲ್ರೂ ಅಷ್ಟೇ. ಒಬ್ಬೊಬ್ರಿಗೂ ಏನಾದ್ರೂ ಒಂದು ಮಾಡಿದ್ದಾರೆ ಅವರು."

"ನೀ ಹೇಳೂದ ಬ್ಯಾಡಪಾ," ಎಂದ ಚನ್ನವೀರ. "ನಾ ಖರೇನ ಆಡಿದ್ರೂ ಸೋಲಾಂವ."

ಸೋಲಲು ಇಷ್ಟು ಸಿದ್ಧನಾಗಿ ಯಾವ ಆಟಗಾರನೂ ಯಾವ ಫೈನಲ್ಲಿಗೂ ಕೂತಿರಲಾರ. ಸುತ್ತ ಸೊಸೈಟಿಯೇ ನೆರೆದಿತ್ತು. ಮುಂದಿನ ಕುರ್ಚಿಯಲ್ಲಿ ಕಾಕು, ಬಲಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು. ಒಂದೇ ಬೋರ್ಡಿನ ಆಟ, ಬಿಳಿ ಕಾಯಿ ಚನ್ನವೀರನಿಗೆ. ಅವನು ಗಣಪತಿಗೆ ಕೈಮುಗಿದು, ಕಣ್ಣು ಮುಚ್ಚಿ, ಸ್ಟ್ರೈಕರನ್ನು ಅಡ್ಡಾದಿಡ್ಡಿ ಬಾರಿಸಿದ. ಕಣ್ಣು ತೆರೆದಾಗ ಎರಡು ಬಿಳಿ ಕಾಯಿ ಪಾಕೆಟ್ಟಿನಲ್ಲಿದ್ದವು.

"ಅರೆ ವಾ," ಎಂದರು ಕಾಕಾ, ತುಂಬ ಸಂತೋಷದಿಂದ. ದೊಡ್ಡ ಮನಸ್ಸು ಎಂದರೆ ಇದು ಎಂದು ಜನ ತಲೆದೂಗಿದರು.

ಕಾಕಾನ ಸರದಿ ಬಂತು. ಪಾಕೆಟ್ಟಿನ ಬಾಯಲ್ಲೇ ಕರಿ ಕಾಯಿಯೊಂದು ಕೂತಿತ್ತು, ಉಫ್ ಎಂದು ಊದಿದರೂ ಬೀಳುವಂತೆ. ಕಾಕಾ ಬಹಳ ಹೊತ್ತು ಗುರಿ ಹಿಡಿದು ಹೊಡೆದರು. ಸ್ಟ್ರೈಕರ್ ಕಾಯಿಯನ್ನು ಬಿಟ್ಟು ತಾನೇ ಇನ್ನೊಂದು ಪಾಕೆಟ್ಟಿಗೆ ಹೋಗಿ ಬಿತ್ತು. ಜನ ಲೊಚಗುಟ್ಟಿದರು. ವಯಸ್ಸಾಯಿತು, ಕಣ್ಣು ಮೊದಲಿನ ಹಾಗಿಲ್ಲ ಎಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಮರುಗಿದರು. ಚನ್ನವೀರ ಲೆಕ್ಕ ಹಾಕಿದ: ಕಾಕಾನಿಗೆ ಕಣ್ಣು ಕಾಣಿಸದಿದ್ದರೆ ತಾನು ಇನ್ನೂ ಕೆಟ್ಟದಾಗಿ ಆಡಬೇಕು. ಆದರೆ ಕೆಟ್ಟದಾಗಿ ಆಡುವುದಕ್ಕೂ ಒಂದು ಕೈಚಳಕ ಬೇಕು, ಅದು ಅವನಲ್ಲಿರಲಿಲ್ಲ. ಎಲ್ಲಿಗೆ ಹೊಡೆಯಬೇಕೆಂದು ನೋಡಿ ಹೊಡೆದರೆ ಅಲ್ಲಿಗೆ ಹೋಗದ ಸ್ಟ್ರೈಕರ್, ಎಲ್ಲಿಗೆ ಹೋಗಬಾರದೆಂದು ನೋಡಿ ಹೊಡೆದರೂ ಅವನ ಮಾತು ಕೇಳಲಿಲ್ಲ. ರಾಣಿಯಿಂದ ದೂರ ಇರಲಿ ಎಂದು ಎದುರಿನ ಮೂಲೆಗೆ ಬಾರಿಸಿದ. ಅದು ಅಂಚಿಗೆ ಬಡಿದು ತಿರುಗಿ ಬಂದು ರಾಣಿಯನ್ನೇ ಪಾಕೆಟ್ಟಿಗೆ ತಳ್ಳಿತು. ಮುಂದಿನ ಏಟಿಗೆ ಒಂದು ಬಿಳಿ ಕಾಯಿಯೂ ಬಿದ್ದು ರಾಣಿ ಅವನದೇ ಆಯಿತು. ಮೇಲೆ ನಾಲ್ಕನೆಯ ಮಹಡಿಯ ಗ್ಯಾಲರಿಯಿಂದ ಕಲ್ಲವ್ವ ಕೆಮ್ಮಿದ್ದು ಎಲ್ಲರಿಗೂ ಕೇಳಿಸಿತು.

ಯಾರ ಏಟಿಗೆ ಯಾರ ಕಾಯಿ ಎಂದಿಲ್ಲದೆ ಬೀಳುತ್ತ ಬಂದು ಕೊನೆಗೆ ಒಂದು ಬಿಳಿ, ಒಂದು ಕರಿ ಉಳಿದವು. ಎರಡೂ ಬೀಳಲು ತಯಾರಾಗಿ ಕೂತಿದ್ದವು. ಚನ್ನವೀರ ತಪ್ಪಿದ. ಕಾಕಾ ತಪ್ಪಿದರು. ಮತ್ತೆ ಚನ್ನವೀರ, ಮತ್ತೆ ಕಾಕಾ. ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡುತ್ತಿದ್ದ ಜನಕ್ಕೆ ಇದು ಯಾವುದೋ ಗಹನವಾದ ತಂತ್ರವೆನಿಸಿ ಯಾರೂ ಉಸಿರು ಬಿಡಲಿಲ್ಲ. ಚಹದ ಕೆಟಲಿ ತಣ್ಣಗಾಯಿತು. ಆಗ ಕಾಕಾ ಕನ್ನಡಕ ಒರೆಸಿಕೊಂಡು, ಬೆರಳಿಗೆ ಪುಡಿ ಹಚ್ಚಿಕೊಂಡು, ಗಟ್ಟಿಯಾಗಿ ಒಂದು ಏಟು ಕೊಟ್ಟರು. ಸ್ಟ್ರೈಕರ್ ಕರಿ ಕಾಯಿಯ ಹತ್ತಿರವೂ ಸುಳಿಯದೆ, ಒಂದು ಅಂಚಿಗೆ ಬಡಿದು, ಇನ್ನೊಂದು ಅಂಚಿಗೆ ಬಡಿದು, ಚನ್ನವೀರನ ಬಿಳಿ ಕಾಯಿಯನ್ನು ಪಾಕೆಟ್ಟಿಗೆ ತಳ್ಳಿತು. ಎದುರಾಳಿಯ ಕೊನೆಯ ಕಾಯಿಯನ್ನು ನಾವೇ ಹಾಕಿಕೊಟ್ಟರೆ ಆಟ ಎದುರಾಳಿಯದು.

ಕಾಕು ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದು ಹೋದರು. ಕಾಕಾ ಚನ್ನವೀರನ ಕೈಯನ್ನೊಮ್ಮೆ ಬಿಗಿಯಾಗಿ ಹಿಡಿದು, ಕಾಕುವಿನ ಹಿಂದೆಯೇ ನಡೆದುಬಿಟ್ಟರು.

"ಸಿದ್ದಣ್ಣ, ನನ್ನ ಮೊಣಕೈ ಗೆರಿ ದಾಟಿತ್ತು, ಫೌಲ್ ಕೊಡ್ರಿ," ಎಂದು ಚನ್ನವೀರ ಅಂಪೈರನ ಮುಂದೆ ಗೋಗರೆದ.

"ಅಂದ್ರ? ನನ್ನ ಕಣ್ಣಿನ ಮ್ಯಾಲೆ ಸಂಶಯನು?" ಸಿದ್ದಾರೂಢ ಕೆರಳಿದ. "ದಾಟಿದ್ರ ನಾ ನೋಡತಿದ್ದಿಲ್ಲ? ಗೆದ್ದದ್ದು ಸಾಲದಂತ ಅಂಪೈರ್ ಮಾನಾನೂ ಕಳೀತಿಯೇನು?"

ಹೀಗೆ ಹತ್ತು ನಿಮಿಷದೊಳಗೆ ಒಬ್ಬರ ಬದಲು ಇಬ್ಬರು ಬೇಸರಪಟ್ಟರು. ಮನೆಗೆ ಬಂದರೆ ಕಲ್ಲವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ನನ್ನ ಹೊತ್ತುಕೊಂಡು ಇಳಿಸಿದಾಂವ ಅಂವ. ಅವನ್ನ ಸೋಲಿಸಿ ಬಂದಿ. ಯಾವ ಮಾರಿ ಇಟಗೊಂಡು ನಾ ಆ ಕಾಕೂನ ಮುಂದ ನಿಂದರ್ಲಿ?"

"ಯವ್ವಾ, ನನ್ನ ಕಾಯಿ ಹಾಕಿದಾಂವ ನಾ ಅಲ್ಲ, ಕಾಕಾ."

"ಹೌದಪಾ, ಅದೂ ಅವನ ತಪ್ಪ."

ರಂಜನಾ ಗಂಡನ ಪರ ವಹಿಸಿದಳು, ಆದರೆ ಅದು ಇನ್ನೂ ಕಷ್ಟವಾಯಿತು. "ಬರೀ ಮಾತಿಲೆ ಆಗಂಗಿಲ್ರಿ. ಹೋಗಿ ಕಾಲ ಮುಟ್ಟಿ ಬರ್ರಿ. ಬರೀ ಕೈಲೆ ಹೋಗಬ್ಯಾಡ್ರಿ, ಏನರ ಒಯ್ರಿ," ಎಂದಳು. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎನ್ನುವುದು ಇಂಡಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಚನ್ನವೀರ ಬಿಸಿಲಲ್ಲಿ ಸ್ಕೂಟರ್ ಹೊಡೆದುಕೊಂಡು ಹೋಗಿ, ಕಾಕಾನಿಗೆ ಪ್ರೀತಿಯೆಂದು, ಒಂದು ದೊಡ್ಡ ಡಬ್ಬಿ ಪೇಡೆ ತಂದ.

ಪುಣೆಯಲ್ಲಿ ಪೇಡೆಯ ಡಬ್ಬಿಗೆ ಒಂದೇ ಅರ್ಥ. ಮಗ ಪಾಸಾದರೆ ಪೇಡೆ, ಮೊಮ್ಮಗ ಹುಟ್ಟಿದರೆ ಪೇಡೆ, ಹೊಸ ಗಾಡಿ ಬಂದರೆ ಪೇಡೆ. ಇಷ್ಟು ವರ್ಷ ಇಲ್ಲಿದ್ದೂ ಚನ್ನವೀರನಿಗೆ ಇದು ಹೊಳೆಯದೇ ಹೋದದ್ದು ಅವನ ಹಣೆಬರಹ. ಗೇಟಿನಲ್ಲೇ ಕಾವಲುಗಾರ ಡಬ್ಬಿ ನೋಡಿ, "ಜಿಂಕಲಾತ್ ಮ್ಹಣೂನ್?" ಎಂದ, ಅಂದರೆ ಗೆದ್ದಿರೆಂದು ತಾನೆ. ಅಲ್ಲ ಎನ್ನುವಷ್ಟರಲ್ಲಿ ಒಂದು ಪೇಡೆ ತೆಗೆದುಕೊಂಡಿದ್ದ. ಮೆಟ್ಟಿಲ ಹತ್ತಿರ ಮೂವರು ಹೆಂಗಸರು ನಿಂತಿದ್ದರು.

"ಪೇಡೆ ಆಗಲೇ ಬಂದವಲ್ಲ. ಕಾಕಾ ಇನ್ನೂ ಊಟಾನೂ ಮಾಡಿಲ್ಲ," ಎಂದು ಒಬ್ಬಾಕೆ ಮರಾಠಿಯಲ್ಲಿ ಅಂದು, ಮುಖ ಗಂಟಿಕ್ಕಿಕೊಂಡೇ ಎರಡು ತೆಗೆದುಕೊಂಡಳು. ಉಳಿದಿಬ್ಬರೂ ಮನಸ್ಸಿಲ್ಲದ ಮನಸ್ಸಿನಿಂದ ತಲಾ ಎರಡು ತೆಗೆದುಕೊಂಡರು. ಸುದ್ದಿ ಮೇಲಕ್ಕೆ ಹೋಯಿತು. ಒಬ್ಬೊಬ್ಬರಾಗಿ ಇಳಿದು ಬಂದು, ಅವನನ್ನು ಕೆಕ್ಕರಿಸಿ ನೋಡಿ, ಕೈಚಾಚಿದರು. ಸಿದ್ದಾರೂಢನಂತೂ ಬಾಯಿ ತುಂಬಿಕೊಂಡೇ, "ಇದು ಶೋಭಾ ಅಲ್ಲ ನೋಡು ಚನ್ನವೀರ. ಗೆದ್ದಿ, ಸುಮ್ಮ ಇರಬೇಕಿತ್ತು," ಎಂದ. ಕಾಕಾನ ಬಾಗಿಲು ಮುಟ್ಟಿದಾಗ ಡಬ್ಬಿಯಲ್ಲಿ ಎಣ್ಣೆಕಾಗದ ಮಾತ್ರ ಇತ್ತು.

ಬಾಗಿಲು ಮುಚ್ಚಿತ್ತು. ಒಳಗೆ ಪಾತ್ರೆಗಳು ದಬದಬ ಬೀಳುವ ಸದ್ದು. ಕಾಕಾನ ದನಿ, ಕಾಕುವಿನ ದನಿ, ಮತ್ತೆ ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದು. ಎಂದೂ ದನಿ ಏರಿಸದ ಮನುಷ್ಯ ಪಾತ್ರೆ ಎತ್ತಿ ಒಗೆಯುತ್ತಿದ್ದಾರೆ ಎಂದರೆ ಎಷ್ಟು ನೊಂದಿರಬೇಕು ಎಂದು ಚನ್ನವೀರನ ಕಣ್ಣು ತುಂಬಿತು. ಗಂಟೆ ಒತ್ತಲು ಧೈರ್ಯವಾಗದೆ ಖಾಲಿ ಡಬ್ಬಿ ಹಿಡಿದು ಹಿಂದಿರುಗಿದ.

ಮಧ್ಯಾಹ್ನ ಸಕ್ಕುಬಾಯಿ ಬಂದಳು. ಕಲಬುರಗಿ ಕಡೆಯವಳು, ಎರಡೂ ಮನೆಯಲ್ಲಿ ಪಾತ್ರೆ ತಿಕ್ಕುವವಳು. ಸೊಸೈಟಿಯ ವಾಟ್ಸಾಪ್ ಗುಂಪಿಗೆ ಸುದ್ದಿ ಬರುವುದಕ್ಕೂ ಒಂದು ತಾಸು ಮೊದಲು ಅವಳಿಗೆ ಗೊತ್ತಿರುತ್ತಿತ್ತು.

"ಯಕ್ಕಾ, ಕಾಕು ಅಳಲಾಕತ್ತಾರ," ಎಂದಳು ರಂಜನಾಳಿಗೆ. "ಕಾಕಾ ಸ್ಟೂಲ್ ಮ್ಯಾಲ ಹತ್ತಿ ಅಟ್ಟದಾಗಿನ ಸಾಮಾನೆಲ್ಲ ಕೆಳಗ ಹಾಕಲಾಕತ್ತಾರ. 'ಇವತ್ತ ಆ ಚನ್ನವೀರನ ಮನೀಗಿ ನಾ ಹೋಗೇ ತೀರತೀನಿ' ಅಂತ ಒಂದ ಸಮ ಅನಲಾಕತ್ತಾರ."

ಚನ್ನವೀರ ಒಲೆಯ ಮುಂದಿನ ಬೆಕ್ಕಿನಂತೆ ಮುದುಡಿ ಕೂತ. ಕಾಕಾ ಬೈದರೆ ಬೈಯಲಿ, ಎರಡು ಬಡಿದರೂ ಬಡಿಯಲಿ. ಆದರೆ ನಾಳೆಯಿಂದ ಮೆಟ್ಟಿಲಲ್ಲಿ ಸಿಕ್ಕಾಗ "ಕಾಯ್ ಬಾಳಾ, ಆರಾಮ?" ಎಂದು ಮಗನನ್ನು ಕೇಳಿದಂತೆ ಕೇಳದಿದ್ದರೆ ಈ ಊರಿನಲ್ಲಿ ಅವನನ್ನು ಹಾಗೆ ಕೇಳುವವರು ಬೇರೆ ಯಾರಿದ್ದಾರೆ? ಬೇಕಾದರೆ ಮನೆಯನ್ನೇ ಬದಲಿಸೋಣ ಎಂದ. ರಂಜನಾ ಉತ್ತರ ಕೊಡುವ ಮೊದಲೇ ಬಾಗಿಲ ಗಂಟೆ ಬಡಿಯಿತು.

ಬಾಗಿಲಲ್ಲಿ ಮೊದಲು ಕಂಡದ್ದು ಒಂದು ಹಿತ್ತಾಳೆಯ ಹಬೆಪಾತ್ರೆ. ಸಣ್ಣ ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಾದಷ್ಟು ದೊಡ್ಡದು. ಅದರ ಹಿಂದೆ ಬೆವರಿದ ಕಾಕಾ, ಅವರ ಹಿಂದೆ ಸಮೆ ದೀಪ, ಗಂಟೆ, ಆರತಿ ತಟ್ಟೆ ಹಿಡಿದ ಕಾಕು. ಕಾಕುವಿನ ಕಣ್ಣು ಇನ್ನೂ ಒದ್ದೆಯಾಗಿತ್ತು. ಚನ್ನವೀರ ಅಲ್ಲಿಯೇ ಉದ್ದಕ್ಕೆ ಕಾಲಿಗೆ ಬಿದ್ದ.

"ಕಾಕಾ, ತಪ್ಪಾತ್ರಿ. ನಾ ಸೋಲಬೇಕಂತನ ಕುಂತಿದ್ದೆ. ದೇವರಾಣಿ."

"ಏಳು ಬಾಳಾ, ಮೊದಲ ಇದನ್ನ ಹಿಡಿ, ಕೈ ಹೋಗಾಕತ್ತದ," ಎಂದರು ಕಾಕಾ. ಪಾತ್ರೆ ಚನ್ನವೀರನ ತೋಳಿಗೆ ಬಂದದ್ದೇ ತಡ, ಅವನನ್ನು ಪಾತ್ರೆ ಸಮೇತ ತಬ್ಬಿಕೊಂಡರು. "ನೀ ನನ್ನ ಉಳಿಸಿದಿ. ನಿನ್ನ ಉಪಕಾರ ಈ ಜನ್ಮದಾಗ ತೀರಂಗಿಲ್ಲ."

ಯಾರಿಗೂ ಏನೂ ತಿಳಿಯಲಿಲ್ಲ. ಗೋಡೆ ಕಡೆ ಮಲಗಿದ್ದ ಕಲ್ಲವ್ವ ಈ ಕಡೆ ಹೊರಳಿದಳು.

"ಎಷ್ಟೋ ವರ್ಷ ಆತು, ನಾ ಸೋಲಾಕ ಆಡಾಕತ್ತೀನಿ," ಎಂದು ಕಾಕಾ ಕುರ್ಚಿಯಲ್ಲಿ ಕುಸಿದು ಹೇಳಿದರು. "ಇಷ್ಟು ಮನೀಗೆ ಮೋದಕ ಅಂದ್ರ ಏನಂತ ತಿಳದಿ? ಹಿಟ್ಟು ನಾದೂದು, ನೆರಿಗಿ ಹಾಕೂದು. ಇಕಿ ಭುಜ ಪೂರಾ ಹೋತು. ಡಾಕ್ಟರ್ ಬ್ಯಾಡ ಅಂದ್ರ ಕೇಳಂಗಿಲ್ಲ, ದೇವರ ಮಾನ ಅಂತಾಳ. ಬಿಡೋಣ ಅಂದ್ರ ನಿಯಮ ಮಾಡಿದಾಂವ ನಾನ. ಹೋಗ್ಲಿ, ಸೋತು ಬಿಡಿಸಿಕೊಳ್ಳೋಣ ಅಂದ್ರ ಈ ಮಂದಿ ನನಗ ಸೋಲಾಕ ಬಿಡವೊಲ್ಲರು. ಆ ಸುಖೇಶ್ ನೋಡು, ಚಾಂಪಿಯನ್, ನನ್ನ ಕರಿ ಕಾಯಿ ತಾನ ಹಾಕಿಕೊಟ್ಟ."

"ಹಂಗಾರ ಆ ಕಡೀ ಏಟು?" ಎಂದ ಚನ್ನವೀರ.

ಕಾಕಾನ ಮುಖ ಬೆಳಗಿತು. "ಎರಡು ಅಂಚು, ನೋಡಿದಿಯಲ್ಲ? ನಿನ್ನ ಕಾಯಿ ಹೆಂಗ ಹಾಕಿದೆ. ಜನ್ಮದಾಗ ಅಂಥ ಏಟು ಹೊಡದಿದ್ದಿಲ್ಲ. ಆದ್ರ ಯಾರಿಗಿ ಹೇಳ್ಲಿ? ಎದ್ದು ಕುಣೀಬೇಕು ಅನಿಸ್ತು, ಅದಕ್ಕ ಲಗೂನ ಮನೀಗೆ ಓಡಿದೆ. ಇಕಿ ನೋಡಿದ್ರ ಖುಷೀಲೆ ಅಳಾಕ ಚಾಲೂ ಮಾಡಿದ್ಲು."

ಚನ್ನವೀರನ ಎದೆಯಿಂದ ಬೆಳಗಿನಿಂದ ಕೂತಿದ್ದ ಬಂಡೆ ಇಳಿಯಿತು. ಕಾಕಾ ತನ್ನವರಾಗಿಯೇ ಉಳಿದರು. ಇಷ್ಟು ವರ್ಷದಲ್ಲಿ ಎಲ್ಲರಿಗೂ ಉಪಕಾರ ಮಾಡಿದ ಮನುಷ್ಯನಿಗೆ ತಾನು ಒಂದು ಉಪಕಾರ ಮಾಡಿದೆನಲ್ಲ, ಅದೂ ಗೊತ್ತಿಲ್ಲದೆ, ಎಂದು ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಕಲ್ಲವ್ವ ಎದ್ದು ಕೂತು ಕಾಕುವಿನ ಕೈ ಹಿಡಿದು ಕಣ್ಣೀರು ಹಾಕಿದಳು. ಒಬ್ಬಳಿಗೆ ಮರಾಠಿ ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು, ಮಾತು ಮಾತ್ರ ಚೆನ್ನಾಗಿ ಸಾಗಿತು.

ರಂಜನಾ ಒಬ್ಬಳೇ ಹಬೆಪಾತ್ರೆಯನ್ನು ನೋಡುತ್ತಿದ್ದಳು.

"ರೀ," ಎಂದಳು ಮೆಲ್ಲಗೆ. "ನನಗ ಹೋಳಗಿ ಬರ್ತಾವ, ಕಡಬು ಬರ್ತಾವ. ಈ ಮೋದಕದ ನೆರಿಗಿ ಬರಂಗಿಲ್ಲ. ಇಷ್ಟು ಮನೀಗೆ ಯಾರು ಮಾಡಾವರು?"

ಆಗ ಚನ್ನವೀರನಿಗೆ ತನ್ನ ತೋಳಿನಲ್ಲಿದ್ದ ಪಾತ್ರೆಯ ಭಾರ ತಿಳಿಯಿತು.

"ಕಾಕಾ, ಮುಂದಿನ ವರ್ಷ ಯಾರರ ನನ್ನ ಸೋಲಸ್ತಾರಲ್ರಿ?"

"ಸೋಲಸ್ತಾರ, ಯಾಕ ಸೋಲಸಂಗಿಲ್ಲ. ನಿನಗ ಆಟಾನ ಬರಂಗಿಲ್ಲ," ಎಂದು ಕಾಕಾ ಧೈರ್ಯ ಹೇಳಿದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆದ್ರ ಒಂದ ಮಾತು ನೆನಪಿಡು. ಈ ಒಂದ್ ವರ್ಷ ಯಾರಿಗೂ ಉಪಕಾರ ಮಾಡಬ್ಯಾಡ. ನಾ ಕೆಟ್ಟದ್ದು ಅಲ್ಲೇ."

ಸಂಜೆ ಆರತಿಯ ಹೊತ್ತಿಗೆ ಎಲ್ಲರ ಎದುರಿಗೆ ಕಾಕಾ ಮಾನದ ತೆಂಗಿನಕಾಯಿಯನ್ನು ಚನ್ನವೀರನ ಕೈಗಿಟ್ಟು ಹೆಗಲಿಗೆ ಉತ್ತರೀಯ ಹೊದಿಸಿದರು. ಅವರ ನಗುಮುಖ ನೋಡಿ ಜನರ ಮುನಿಸೂ ಕರಗಿತು. ಸಿದ್ದಾರೂಢನೇ ಮೊದಲು ಚಪ್ಪಾಳೆ ತಟ್ಟಿದ. ಪೇಡೆ ಚೆನ್ನಾಗಿದ್ದವು ಎಂದು ಆ ಮೂವರು ಹೆಂಗಸರು ಒಪ್ಪಿಕೊಂಡರು.

ಆರತಿ ಮುಗಿದು ಜನ ಚದುರುತ್ತಿದ್ದಾಗ ಸುಖೇಶ್ ಬಂದ. ಹೆಗಲಲ್ಲಿ ಬ್ಯಾಗು, ಮುಖ ಬಾಡಿತ್ತು.

"ಅಣ್ಣ, ಒಂದು ಮಾತು, ಬೇಜಾರ್ ಮಾಡ್ಕೋಬೇಡಿ. ಕಾಕಾಗೆ ಸೋತಿದ್ದು ಬೇರೆ. ಮುಂದಿನ ವರ್ಷ ನೀವು ಸಿಕ್ಕರೆ ನಾನು ಬಿಡಲ್ಲ. ನಿಮ್ಮ ಎಂಟು ಕಾಯಿ ಬೋರ್ಡಲ್ಲಿ ಇರುವಾಗ್ಲೇ ಸೋಲಿಸ್ತೀನಿ."

ಚನ್ನವೀರನಿಗೆ ಅವನ ಕಾಲಿಗೇ ಬೀಳಬೇಕು ಅನ್ನಿಸಿತು. ಇಡೀ ದಿನದಲ್ಲಿ ಇಷ್ಟು ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ. ಅಷ್ಟರಲ್ಲಿ ಒಂದು ಸಂಗತಿ ನೆನಪಾಗಿ ಗಾಬರಿಯಾಯಿತು.

"ಪೂಜಾಕ್ಕ ಗಂಡಹೆಂಡ್ತಿ ಕುಂದರಬೇಕಪಾ. ನಿನಗ ಮದುವೀನ ಆಗಿಲ್ಲಲ್ಲ?"

"ಅದೇ ಅಣ್ಣ. ನಾಳೆ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಹುಡುಗಿ ನೋಡೋದಿತ್ತು. ಫೋನಲ್ಲಿ ಮಾತಾಡಿದೀವಿ, ಇಬ್ಬರಿಗೂ ಇಷ್ಟ. ಹಬ್ಬದ ರಶ್, ಯಾವ ಬಸ್ಸಲ್ಲೂ ಸೀಟಿಲ್ಲ. ನಾಳೆ ತಪ್ಪಿದರೆ ಅವರಪ್ಪ ಬೇರೆ ಕಡೆ ನೋಡ್ತಾರಂತೆ. ಬ್ಯಾಗ್ ತಗೊಂಡು ಸುಮ್ನೆ ಸ್ಟಾಪ್ ತನಕ ಹೋಗಿ ವಾಪಸ್ ಬಂದೆ."

ಕಾಕಾನ ಎಚ್ಚರಿಕೆ ಚನ್ನವೀರನ ಕಿವಿಯಲ್ಲಿ ಇನ್ನೂ ಇತ್ತು. ಆದರೆ ಇದು ಉಪಕಾರವಲ್ಲ, ತನ್ನದೇ ಬಿಡುಗಡೆಯ ದಾರಿ. ಈ ಹುಡುಗನಿಗೆ ಮದುವೆಯಾಗಬೇಕು, ಮದುವೆಯಾಗಿ ತನ್ನನ್ನು ಸೋಲಿಸಬೇಕು. ಅವನು ತಕ್ಷಣ ಕಚೇರಿಯ ಲಾಲಪ್ಪನಿಗೆ ಫೋನ್ ಹಚ್ಚಿ, ಬೇಡಿಕೊಂಡು, ಜಗಳಾಡಿ, ಸಿಬ್ಬಂದಿಗೆಂದು ತೆಗೆದಿಟ್ಟಿದ್ದ ಒಂದು ಸೀಟನ್ನು ಕಿತ್ತುಕೊಂಡ. ಸುಖೇಶನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೈವೇಗೆ ಒಯ್ದು, ಹೊರಡಲು ಗುರುಗುಟ್ಟುತ್ತಿದ್ದ ಬಸ್ಸಿಗೆ ಕೈಯಾರೆ ಹತ್ತಿಸಿದ. ದಾರಿಗೆಂದು ಒಂದು ನೀರಿನ ಬಾಟಲಿಯನ್ನೂ ಕೊಟ್ಟ.

ಸುಖೇಶ್ ಬಾಗಿಲಲ್ಲೇ ನಿಂತು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು.

"ಅಣ್ಣ, ನಾನು ಸೋಲಿಸ್ತೀನಿ ಅಂದೆ, ನೀವು ನನ್ನ ಮದುವೇನೇ ಉಳಿಸಿದ್ರಿ. ಇನ್ನು ಈ ಜನ್ಮದಲ್ಲಿ ನಿಮ್ಮೆದುರು ಗೆದ್ದರೆ ನಾನು ಮನುಷ್ಯನೇ ಅಲ್ಲ."

"ಹಂಗನಬ್ಯಾಡಪಾ. ಗೆಲ್ಲು. ನಿನ್ನ ಕಾಲಿಗೆ ಬೀಳ್ತೀನಿ, ಗೆಲ್ಲು," ಎನ್ನುತ್ತ ಚನ್ನವೀರ ಬಸ್ಸಿನ ಜೊತೆಗೆ ನಾಲ್ಕು ಹೆಜ್ಜೆ ಓಡಿದ.

"ಎಂಥಾ ದೊಡ್ಡ ಮನಸ್ಸು ಅಣ್ಣ ನಿಮ್ಮದು," ಎಂದ ಸುಖೇಶ್. ಬಸ್ಸು ಮುಂದಕ್ಕೆ ಹೋಯಿತು. ಕಿಟಕಿಯೊಳಗೆ ಅವನು ಕೈಮುಗಿದುಕೊಂಡೇ ಕೂತಿದ್ದ.

ಚನ್ನವೀರ ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಹಬೆಪಾತ್ರೆ ಕೂತಿತ್ತು. ಕಾಕು ಕುರ್ಚಿಯಲ್ಲಿ ಆರಾಮಾಗಿ ಕೂತು ಎಡಗೈಯಿಂದ ತೋರಿಸುತ್ತಿದ್ದರು, ರಂಜನಾ ಹಿಟ್ಟಿಗೆ ನೆರಿಗೆ ಹಾಕುವುದನ್ನು ಕಲಿಯುತ್ತಿದ್ದಳು. ಅವನು ಕೈತೊಳೆದು ಅವಳ ಪಕ್ಕದಲ್ಲಿ ಕೂತು, ತಾನೂ ಒಂದು ಉಂಡೆ ಹಿಟ್ಟು ತೆಗೆದುಕೊಂಡ.